ಎಡಗಡೆ ಮಡ್‌ಗಾರ್ಡಿನ ಕಪ್ಪು ಗೆರೆ

ನಿಂತಿರುವ ಕಾರು ಕಂಡರೆ ಸಾಕು, ಅದರ ಬಾಗಿಲಿನ ಕೆಳಗಂಚಿಗೆ ಹೆಬ್ಬೆರಳು ಆಡಿಸುವ ಚಟವೊಂದು ನನಗಿದೆ. ಮರ್ಯಾದಸ್ಥರು ಮಾಡುವ ಕೆಲಸವಲ್ಲ ಅದು, ಗೊತ್ತು. ಹೋದ ತಿಂಗಳು ರಾಮನಗರದಲ್ಲಿ ಒಂದು ಮದುವೆಗೆ ಹೋಗಿದ್ದಾಗ, ಛತ್ರದ ಮುಂದೆ ನಿಂತಿದ್ದ ಯಾರದೋ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೆರಳಾಡಿಸುತ್ತಿದ್ದೆ. ಕಾವಲಿನವನು ಬಂದು, "ಏನ್ ಯಜಮಾನ್ರೇ, ಗಾಳಿ ಗೀಳಿ ಬುಡ್ತಾ ಇದ್ದೀರಾ?" ಎಂದು ಗದರಿಸಿದ. ನನ್ನ ಹೆಂಡತಿ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಅವರಿಗೆ ಒಸಿ ಹಂಗೆ ಕಣಪ್ಪ, ಏನೂ ತಿಳ್ಕೋಬ್ಯಾಡ" ಎಂದು ನನ್ನ ತೋಳು ಹಿಡಿದು ಊಟದ ಸಾಲಿಗೆ ಎಳೆದೊಯ್ದಳು. ಆ 'ಹಂಗೆ' ಎಂದರೆ ಹೇಗೆ ಎಂದು ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.

ಬೆರಳು ಹುಡುಕುವುದು ಡಾಂಬರನ್ನು. ಹೊಸದಾಗಿ ಹಾಸಿದ ರಸ್ತೆಯ ಮೇಲೆ ಓಡಿದ ಕಾರಿನ ಚಕ್ರ ಬಿಸಿ ಡಾಂಬರನ್ನು ಎತ್ತಿ ಹಿಂದಕ್ಕೆ ಚಿಮ್ಮಿಸುತ್ತದೆ. ಅದು ಸಾಸಿವೆ ಕಾಳಿನಂತೆ ಬಣ್ಣದ ಮೇಲೆ ಕೂತು ಗಟ್ಟಿಯಾಗುತ್ತದೆ. ಟೈರು ಸವೆದ ರಬ್ಬರಿನ ಪುಡಿಯೂ ಅದರ ಜೊತೆ ಮೆತ್ತಿಕೊಳ್ಳುತ್ತದೆ. ಕಣ್ಣಿಗೆ ಎರಡೂ ಒಂದೇ ಕೊಳೆ. ಬೆರಳಿಗೆ ಹಾಗಲ್ಲ. ಡಾಂಬರು ನುಣ್ಣಗೆ ಉಬ್ಬಿಕೊಂಡಿರುತ್ತದೆ. ರಬ್ಬರು ತರಿತರಿ, ಉಗುರು ಕೊಟ್ಟರೆ ಸುರುಳಿಯಾಗಿ ಏಳುತ್ತದೆ. ಇದಿಷ್ಟು ವಿದ್ಯೆ ನನ್ನದು. ಇದನ್ನು ಹಿಡಿದುಕೊಂಡೇ ಹೆಂಡತಿ ಮಕ್ಕಳನ್ನು ಸಾಕಿದೆ.

ಡಾಂಬರಿನ ಜೊತೆ ನನ್ನ ಮೊದಲ ಪರಿಚಯ ಚಡ್ಡಿಯ ಜೇಬಿನಲ್ಲಾಯಿತು. ನಮ್ಮೂರಿಗೆ ಮೊದಲ ಸಲ ಕರಿ ರಸ್ತೆ ಬಂದಾಗ ನಾನು ಮೂರನೇ ಕ್ಲಾಸು. ದಾರಿ ಪಕ್ಕದಲ್ಲಿ ಅಡ್ಡ ಮಲಗಿಸಿದ್ದ ಪೀಪಾಯಿಗಳ ಬಾಯಿಂದ ಬೇಸಿಗೆ ಮಧ್ಯಾಹ್ನ ಡಾಂಬರು ಬೆಲ್ಲದ ಪಾಕದಂತೆ ಇಳಿಯುತ್ತಿತ್ತು. ಅದನ್ನು ಕಿತ್ತು, ಮಣ್ಣಿನಲ್ಲಿ ಹೊರಳಿಸಿ ಗೋಲಿ ಮಾಡಿದೆವು. ನಾಲ್ಕು ಗೋಲಿಗಳನ್ನು ಜೇಬಿಗೆ ಹಾಕಿಕೊಂಡು ನಾನು ಬಿಸಿಲೆಲ್ಲ ಕುಣಿದೆ. ಸಂಜೆ ಹೊತ್ತಿಗೆ ಚಡ್ಡಿಗೂ ತೊಡೆಗೂ ಬೆಸುಗೆಯಾಗಿತ್ತು. ಅವ್ವ ತೆಂಗಿನ ನಾರು ಹಿಡಿದು ಉಜ್ಜಲು ಬಂದಾಗ ನಾನು ಹಾಕಿದ ಕಿರುಚಾಟಕ್ಕೆ ಅಜ್ಜಿ ಒಳಗಿಂದ ಓಡಿಬಂದಳು. "ಕೆರೀಬ್ಯಾಡ ಕಣೆ, ಎಳೇ ಚರ್ಮ. ಎಣ್ಣೆ ಹಚ್ಚಿ ಸುಮ್ಕೆ ಬುಡು, ತಾನೇ ಬತ್ತದೆ" ಎಂದಳು. ಕೊಬ್ಬರಿ ಎಣ್ಣೆ ಬಿತ್ತು. ಸ್ವಲ್ಪ ಹೊತ್ತಿಗೆ ಡಾಂಬರು ಮೆತ್ತಗಾಗಿ, ಹಳೇ ಸೀರೆಯ ಚೂರಿಗೆ ಅಂಟಿಕೊಂಡು ಬಂತು. ಚಡ್ಡಿ ಮಾತ್ರ ಹೋಯಿತು.

ಮುಂದೆ ನಾನು ಚನ್ನಪಟ್ಟಣದಲ್ಲಿ ಹನ್ನೆರಡು ವರ್ಷ ಲೇತಿನ ಮುಂದೆ ಕೂತು ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚಿದೆ. ಪ್ಲಾಸ್ಟಿಕ್ ಬೊಂಬೆಗಳು ಬಂದು ಕೆಲಸ ಕಮ್ಮಿಯಾಯಿತು. ಅದೇ ಕಾಲಕ್ಕೆ ಬಿಡದಿ ಕಡೆ ಕಾರ್ಖಾನೆಗಳು ಎದ್ದವು, ಹೈವೇ ಅಗಲವಾಗತೊಡಗಿತು, ಜಮೀನು ಕೊಟ್ಟ ದುಡ್ಡಿನಲ್ಲಿ ಊರೂರಿಗೆ ಕಾರು ಬಂದವು. ನಾನು ಹೈವೇ ಪಕ್ಕದಲ್ಲಿ ಒಂದು ತಗಡಿನ ಚಪ್ಪರ ಹಾಕಿ, ಪಂಪು ಕೂರಿಸಿ, ಕಾರು ತೊಳೆಯುವ ವಾಟರ್ ಸರ್ವೀಸ್ ಶುರುಮಾಡಿದೆ. ಎಲ್ಲೆಲ್ಲೂ ರಸ್ತೆ ಕೆಲಸ. ಬಂದ ಕಾರೆಲ್ಲ ಡಾಂಬರಿನಲ್ಲಿ ಮಿಂದೇ ಬರುತ್ತಿದ್ದವು. ಬೇರೆಯವರು ಬ್ಲೇಡು, ಕಬ್ಬಿಣದ ನಾರು ಹಿಡಿದು ಬಣ್ಣವನ್ನೇ ಎಬ್ಬಿಸುತ್ತಿದ್ದರು. ನಾನು ಅಜ್ಜಿಯ ದಾರಿ ಹಿಡಿದೆ. ಸೀಮೆಎಣ್ಣೆಗೆ ಒಸಿ ಕೊಬ್ಬರಿ ಎಣ್ಣೆ ಬೆರೆಸಿ, ಹಳೇ ಬನಿಯನ್ ಬಟ್ಟೆಯಲ್ಲಿ ಅದ್ದಿ, ಕಲೆಯ ಮೇಲೆ ಐದು ನಿಮಿಷ ಹಾಗೇ ಇಡುವುದು. ಆಮೇಲೆ ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯುವುದು. ಸೋಪಿನ ನೀರಿನಲ್ಲಿ ತೊಳೆದು, ಮೇಲೊಂದು ಕೈ ಮೇಣ. ಕಾರು ಕೊಟ್ಟವರಿಗೆ ತಮ್ಮದೇ ಕಾರು ಹೌದೋ ಅಲ್ಲವೋ ಎಂದು ಅನುಮಾನ ಬರಬೇಕು, ಹಾಗೆ ಮಾಡುತ್ತಿದ್ದೆ. ಜಂಭ ಇತ್ತು. ಆ ಜಂಭದ ಕಥೆಯೇ ಇದು.

ಒಂದು ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ವೆಂಕಟಯ್ಯ ಮೇಷ್ಟ್ರು ಕಾರು ತಂದು ನಿಲ್ಲಿಸಿದರು. ಏಳನೇ ಕ್ಲಾಸಿನಲ್ಲಿ ನನಗೆ ಕನ್ನಡ, ಲೆಕ್ಕ ಎರಡನ್ನೂ ಕಲಿಸಿದವರು. ಈಗ ನೀವು ಓದುತ್ತಿರುವ ಈ ಅಕ್ಷರಗಳಲ್ಲಿ ತಪ್ಪಿಲ್ಲದಿರುವುದೆಲ್ಲ ಅವರದು, ತಪ್ಪಿರುವುದು ನನ್ನದು. ನಿವೃತ್ತಿಯಾದ ಮೇಲೆ, ಹೆಂಡತಿ ಬೇಡ ಬೇಡ ಎಂದರೂ ಕೇಳದೆ, ಹಳೆಯದೊಂದು ಬಿಳಿ ಸಣ್ಣ ಕಾರು ಕೊಂಡು ಓಡಿಸಲು ಕಲಿತಿದ್ದರು. ಸ್ಟೀರಿಂಗನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು, ನೆಟ್ಟಗೆ ಮುಂದೆ ನೋಡುತ್ತ, ಎತ್ತಿನ ಗಾಡಿಗೂ ದಾರಿ ಬಿಟ್ಟುಕೊಟ್ಟು ಹೋಗುವರು.

"ನಂಜ, ಬೈರಾಪಟ್ಟಣದ ಕಡೆ ಹೋಗಿದ್ದೆ ಕಣಪ್ಪ. ರಸ್ತೇಲಿ ಟಾರು ಹಾಕ್ತಾವ್ರೆ. ಕೆಂಪು ಬಾವುಟದವನು ಕೈ ಬೀಸ್ದ, ನಿಲ್ಲಿಸು ಅಂದ್ನೋ ಹೋಗು ಅಂದ್ನೋ ತಿಳೀಲಿಲ್ಲ. ಹೋಗ್ಬುಟ್ಟೆ" ಎಂದರು. "ನಿಮ್ಮ ಮೇಷ್ಟ್ರಮ್ಮ ನೋಡೋದ್ರೊಳಗೆ ಒಸಿ ಸರಿ ಮಾಡ್ಕೊಡು."

ಕಾರಿನ ಎರಡೂ ಪಕ್ಕ ಮಂಡಿಯೆತ್ತರದವರೆಗೆ ಎಳ್ಳು ಎರಚಿದಂತಾಗಿತ್ತು. ಮೇಷ್ಟ್ರನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದ ಟೀ ಅಂಗಡಿಯಿಂದ ಟೀ ತರಿಸಿಕೊಟ್ಟು ಕೆಲಸಕ್ಕೆ ಕೂತೆ. ಬಲಗಡೆ ಮುಗಿಸಿ ಎಡಗಡೆಗೆ ಬಂದಾಗ ಮುಂದಿನ ಮಡ್‌ಗಾರ್ಡಿನ ಮೇಲೆ ಒಂದು ಗೇಣುದ್ದ ಕಪ್ಪು ಗೆರೆ ಕಂಡಿತು. ಹೆಬ್ಬೆರಳಾಡಿಸಿದೆ. ರಬ್ಬರು. ರಸ್ತೆಯ ರಬ್ಬರು ಚಕ್ರದ ಹಿಂದೆ ಪುಡಿಪುಡಿಯಾಗಿ ಕೂರುತ್ತದೆ. ಇದು ಚಕ್ರದ ಮುಂದೆ, ಎಳೆದ ಗೆರೆ. ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಹಸಿರು ಬಣ್ಣ.

"ಮೇಷ್ಟ್ರೇ, ಎಲ್ಲಾದ್ರೂ ಗೇಟಿಗೆ ಗೀಟಿಗೆ ತಗುಲಿಸುದ್ರಾ?" ಎಂದು ಕೇಳಿದೆ.

"ಇಲ್ವಲ್ಲಪ್ಪ. ಜಲ್ಲಿಕಲ್ಲು ಒಂದೇ ಸಮ ಟಪಟಪ ಅಂತ ಹೊಡೀತಿತ್ತು ಅಷ್ಟೆ" ಎಂದರು.

ನಾನು ಮತ್ತೆ ಕೇಳಲಿಲ್ಲ. ರಬ್ಬರು ಬಿಡಿಸುವುದು ಡಾಂಬರಿಗಿಂತ ನಾಜೂಕಿನ ಕೆಲಸ, ನನಗೆ ಅದೇ ಖುಷಿ. ಎಣ್ಣೆ ಬಟ್ಟೆ ಇಟ್ಟು, ಕಾದು, ಎಳೆದೆ. ಹಸಿರು ಎಳೆಯನ್ನೂ ಬೆರಳ ತುದಿಯಲ್ಲಿ ಪಾಲಿಶ್ ಹಚ್ಚಿ ಅದೇ ಬಟ್ಟೆಯಲ್ಲಿ ತೆಗೆದೆ. ಮೇಣ ಉಜ್ಜಿದೆ. ಮಡ್‌ಗಾರ್ಡಿನಲ್ಲಿ ನನ್ನ ಮೀಸೆ ಕಾಣಿಸುವಂತಾಯಿತು. ಎದ್ದು ನಿಂತು, ತಲೆ ಓರೆ ಮಾಡಿ ನೋಡಿ, "ಹೆಂಗೆ ಮೇಷ್ಟ್ರೇ?" ಎಂದೆ.

ಅಷ್ಟರಲ್ಲಿ ಟೀ ಅಂಗಡಿಯ ರಾಜಣ್ಣ ಹಾಲು ತರಲು ಹೋಗಿದ್ದವನು ಮೊಪೆಡ್ಡಿನಲ್ಲಿ ಬಂದ. ಇಳಿಯುವ ಮೊದಲೇ ಕೂಗಿದ: "ಹೊಂಬಯ್ಯನ್ನ ಕೆಡವ್‌ಬುಟ್ರು ಕಣ್ಲಾ! ಡೈರಿಗೆ ಹಾಲಾಕಿ ಸೈಕಲ್ಲಲ್ಲಿ ಬತ್ತಿದ್ನಂತೆ. ಬೈರಾಪಟ್ಟಣದ ಹತ್ರ ಟಾರು ಹಾಕ್ತಾವ್ರಲ್ಲ, ಆ ತಿರುವು. ಮೋರೀಗೆ ಬಿದ್ದು ಗ್ಯಾನ ಇಲ್ಲ. ಆಟೋದಲ್ಲಿ ಆಸ್ಪತ್ರೆಗೆ ಒಯ್ದವ್ರೆ. ಟಾರ್ ಲಾರಿಯೋನ್ನ ಹಿಡ್ಕೊಂಡವ್ರೆ, ಅವನ ಗತಿ ಮುಗೀತು."

ಹೊಂಬಯ್ಯ ನನಗೆ ಗೊತ್ತಿದ್ದವನೇ. ಎರಡು ಎಮ್ಮೆ ಸಾಕಿಕೊಂಡಿದ್ದ ಬಡಕಲು ಆಸಾಮಿ. ಅವನ ಸೈಕಲ್ಲು ಹಸಿರು.

ನನ್ನ ಕೈಯಲ್ಲಿದ್ದ ಬನಿಯನ್ ಬಟ್ಟೆಯನ್ನು ನಾನು ನೋಡಿದೆ. ನೋಡಬಾರದಿತ್ತು. ನಾನು ನೋಡಿದ್ದನ್ನು ಮೇಷ್ಟ್ರು ನೋಡಿದರು.

"ಎಷ್ಟೊತ್ತಿಗಂತೆ ರಾಜಣ್ಣ?" ಎಂದು ಕೇಳಿದರು.

"ಎಂಟೂವರೆ ಅಂತಾವ್ರೆ."

ಮೇಷ್ಟ್ರು ಟೀ ಲೋಟವನ್ನು ಬೆಂಚಿನ ಮೇಲಿಟ್ಟರು. ಎದ್ದು ಬಂದು ಎಡಗಡೆ ಮಡ್‌ಗಾರ್ಡಿನ ಮುಂದೆ ನಿಂತರು. ಆ ಕಾಲದ ಸಣ್ಣ ಕಾರುಗಳಿಗೆ ಎಡಗಡೆ ಕನ್ನಡಿಯೇ ಇರುತ್ತಿರಲಿಲ್ಲ, ನಿಮಗೆ ನೆನಪಿರಬಹುದು. ಕನ್ನಡಿ ಇರಬೇಕಾಗಿದ್ದ ಜಾಗವನ್ನು ಅವರು ಸ್ವಲ್ಪ ಹೊತ್ತು ನೋಡಿದರು.

"ನಂಜ, ಇಲ್ಲಿ ಏನಿತ್ತು?"

"ಟಾರು ಮೇಷ್ಟ್ರೇ."

"ಟಾರೇ?"

"ಟಾರೇ ಮೇಷ್ಟ್ರೇ. ಎಲ್ಲಾ ಕಡೆ ಇದ್ದಂಗೇ."

ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಆಗ ನನ್ನ ವಯಸ್ಸು ಮೂವತ್ತೈದು. ಎರಡು ಮಕ್ಕಳ ತಂದೆ. ಮಗ್ಗಿ ಕಲಿಯದೆ ಹೊಟ್ಟೆನೋವು ಎಂದು ಹೇಳಿ ನಿಂತ ಏಳನೇ ಕ್ಲಾಸಿನವನ ಹಾಗೆ ನನ್ನ ಕಿವಿ ಬಿಸಿಯಾದವು.

"ಸುಳ್ಳು ಹೇಳಕ್ಕೆ ನಿಂಗೆ ಆವಾಗ್ಲೂ ಬರ್ತಿರ್ಲಿಲ್ಲ" ಎಂದರು. "ಕಾರು ಹತ್ತು. ಆ ಬಟ್ಟೆ ಇಟ್ಕೋ."

"ಮೇಷ್ಟ್ರೇ, ಜನ ರೊಚ್ಚಿಗೆದ್ದವ್ರೆ. ಈಗ ಬ್ಯಾಡ. ನಾಳೆ ನಾಡಿದ್ದು ನಿಧಾನಕ್ಕೆ ಸ್ಟೇಷನ್‌ಗೆ ಹೋಗಿ ಹೇಳಾನ. ಹೊಂಬಯ್ಯನಿಗೆ ಬೇಕಾದ್ದು ಮಾಡಾನ."

"ಆ ಲಾರಿ ಡ್ರೈವರು ನಾಳೆವರೆಗೆ ಇರ್ತಾನಾ?"

ಬಟ್ಟೆಯನ್ನು ಜೇಬಿಗೆ ತುರುಕಿಕೊಂಡೆ. ಮೇಷ್ಟ್ರು ಬೀಗದ ಕೈಯನ್ನು ನನ್ನ ಕೈಗೇ ಕೊಟ್ಟರು, ಕಾರನ್ನು ನಾನೇ ಓಡಿಸಿದೆ. ಇಪ್ಪತ್ತು ನಿಮಿಷದ ದಾರಿ. ಅವರು ಒಂದೇ ಒಂದು ಮಾತಾಡಿದರು. "ಒಂದ್ಸಲ ಟಪ್ ಅಂದಿದ್ದು ಒಸಿ ಜೋರಾಗಿತ್ತು ನಂಜ. ದಪ್ಪ ಕಲ್ಲು ಇರ್ಬೇಕು ಅಂದ್ಕೊಂಡೆ."

ತಿರುವಿನಲ್ಲಿ ನೂರು ಜನ ಸೇರಿದ್ದರು. ಹಸಿರು ಸೈಕಲ್ಲು ಮೋರಿಯಲ್ಲಿ ಬಿದ್ದಿತ್ತು, ಹಿಂದಿನ ಚಕ್ರ ಹಪ್ಪಳದಂತೆ ಸೊಟ್ಟಗಾಗಿತ್ತು, ಹಾಲಿನ ಕ್ಯಾನು ರಸ್ತೆ ಮಧ್ಯೆ ಉರುಳಿತ್ತು. ಲಾರಿಯ ಮೇಲೆ ಬಿಸಿ ಡಾಂಬರು ಜಲ್ಲಿ ಹೊಗೆಯಾಡುತ್ತಿತ್ತು. ಲಾರಿಯ ಚಕ್ರಕ್ಕೆ ಒರಗಿಕೊಂಡು ಒಬ್ಬ ಕರಿಯ, ಗಿಡ್ಡ ಮನುಷ್ಯ ಕೂತಿದ್ದ. ಅಂಗಿ ಹರಿದಿತ್ತು. ಧರ್ಮಪುರಿ ಕಡೆಯವನು, ಸೆಲ್ವ ಎಂದು ಹೆಸರು ಎಂಬುದು ಆಮೇಲೆ ತಿಳಿಯಿತು. ಅವನ ಮುಂದೆ ಹೊಂಬಯ್ಯನ ಅಣ್ಣ ಕೆಂಪಣ್ಣ ಕಬ್ಬಿನ ಜಲ್ಲೆ ಹಿಡಿದು ನಿಂತಿದ್ದ.

"ಮುನ್ನಾಡಿಯೇ, ನಾನ್ ಬರೋ ಮುಂಚೇನೇ ಬಿದ್ದಿದ್ದ ಸಾಮಿ. ನಾನ್ ನೋಡ್ಬಿಟ್ಟು ನಿಲ್ಸಿ, ಎತ್ತಕ್ಕೆ ಇಳಿದೆ. ನಾನೇ ಎತ್ತಿದ್ದು" ಎಂದು ಸೆಲ್ವ ಕೈಮುಗಿಯುತ್ತಿದ್ದ.

"ಗುದ್ದದೆ ಇದ್ರೆ ಯಾಕ್ಲಾ ನಿಲ್ಲಿಸ್ದೆ?" ಎಂದು ಕೆಂಪಣ್ಣ ಜಲ್ಲೆ ಬೀಸಿದ. ಅವನ ಲೆಕ್ಕವೂ ಜನರ ಲೆಕ್ಕವೂ ಅದೇ. ಗುದ್ದದವನು ಯಾಕೆ ನಿಲ್ಲಿಸುತ್ತಾನೆ?

ಮೇಷ್ಟ್ರು ಜನರ ಮಧ್ಯೆ ನುಗ್ಗಿ, ಜಲ್ಲೆ ಹಿಡಿದ ಕೈಗೆ ತಮ್ಮ ಕೈ ಅಡ್ಡ ಕೊಟ್ಟರು.

"ಕೆಂಪಣ್ಣ, ಬುಡು. ಅವನಲ್ಲ. ಗುದ್ದಿದ್ದು ನಾನು. ನನ್ನ ಕಾರು."

ಕೆಂಪಣ್ಣನೂ ಮೇಷ್ಟ್ರ ಶಿಷ್ಯನೇ, ನನಗಿಂತ ಎರಡು ವರ್ಷ ಮುಂದಿನವನು. ಅವನು ಕಾರಿನ ಕಡೆ ನೋಡಿದ. ಎಲ್ಲರೂ ನೋಡಿದರು. ಕಾರು ಬಿಸಿಲಲ್ಲಿ ಮದುವಣಗಿತ್ತಿಯಂತೆ ಮಿರಮಿರ ಮಿಂಚುತ್ತಿತ್ತು. ಇಬ್ಬರು ಹೋಗಿ ಮುಂದೆ, ಪಕ್ಕ, ಬಗ್ಗಿ ಬಗ್ಗಿ ನೋಡಿ ಬಂದರು.

"ಒಂದು ಗೀರೂ ಇಲ್ಲ ಕಣಣ್ಣೋ. ಟಾರಿನ ಚುಕ್ಕೀನೂ ಇಲ್ಲ. ಈ ಕಾರು ಇವತ್ತು ಈ ರಸ್ತೆಗೇ ಬಂದಿಲ್ಲ."

"ನೋಡುದ್ರಾ?" ಎಂದು ಒಬ್ಬ ಮುದುಕ ಗದ್ಗದಿತನಾದ. "ಮೇಷ್ಟ್ರು ಅಂದ್ರೆ ಇವರು. ಯಾವನೋ ಪರದೇಸಿ ಜೀವ ಉಳ್ಸಕ್ಕೆ ತಮ್ಮ ತಲೆ ಮೇಲೆ ಹಾಕ್ಕೋತಾವ್ರೆ."

"ಅಲ್ಲ ಕಣ್ರಯ್ಯ, ನಾನು ಸತ್ಯ ಹೇಳ್ತಾ ಇದ್ದೀನಿ!" ಮೇಷ್ಟ್ರು ಕೂಗಿದರು. ಕೂಗಿದಷ್ಟೂ ಜನರಿಗೆ ಅವರ ಮೇಲಿನ ಭಕ್ತಿ ಹೆಚ್ಚಿತು. ಯಾರೋ ಅವರ ಭುಜ ಹಿಡಿದು ಮರದ ನೆರಳಿಗೆ ಕರೆದೊಯ್ಯಲು ನೋಡಿದರು. ಕೆಂಪಣ್ಣ ಮೇಷ್ಟ್ರಿಗೆ ಕೈಮುಗಿದು, "ನೀವು ಇದರಾಗೆ ಬರ್ಬ್ಯಾಡಿ ಮೇಷ್ಟ್ರೇ" ಎಂದು ಹೇಳಿ ಮತ್ತೆ ಸೆಲ್ವನ ಕಡೆ ತಿರುಗಿದ.

ಮೇಷ್ಟ್ರು ನನ್ನನ್ನು ನೋಡಿದರು. ಆಮೇಲೆ ನನ್ನ ಜೇಬನ್ನು ನೋಡಿದರು.

ಇಲ್ಲಿಯವರೆಗೆ ಸಲೀಸಾಗಿ ಬರೆದುಕೊಂಡು ಬಂದೆ. ಇನ್ನು ಮುಂದಿನದನ್ನು ಬರೆಯುವಾಗ ಪೆನ್ನು ಎರಡು ಸಲ ಕೆಳಗಿಟ್ಟು ನೀರು ಕುಡಿದು ಬಂದಿದ್ದೇನೆ. ಬಟ್ಟೆ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಸೀಮೆಎಣ್ಣೆ ತೊಡೆಗೆ ಇಳಿದು ಉರಿಯುತ್ತಿತ್ತು. ನನ್ನ ತಲೆಯಲ್ಲಿ ಮಾತ್ರ ಬೇರೆಯೇ ಓಡುತ್ತಿತ್ತು: ಯಾರೂ ನಂಬುತ್ತಿಲ್ಲ. ನಾನು ಸುಮ್ಮನಿದ್ದರೆ ಮೇಷ್ಟ್ರು ಉಳಿಯುತ್ತಾರೆ. ಅವರು ಹೇಳಬೇಕಾದ್ದು ಹೇಳಿಯಾಯಿತು, ಅವರ ಮನಸ್ಸಾಕ್ಷಿಗೂ ಕುಂದಿಲ್ಲ. ಈ ಸೆಲ್ವ ಯಾರೋ, ಎಲ್ಲಿಯವನೋ. ಪೊಲೀಸರು ಬಂದರೆ ಬಿಡಿಸಿಕೊಂಡು ಹೋಗುತ್ತಾರೆ. ಇಷ್ಟೆಲ್ಲ ಲೆಕ್ಕ ಹಾಕುವ ಹೊತ್ತಿಗೆ ಜಲ್ಲೆಯ ಎರಡೇಟು ಬಿದ್ದಿದ್ದವು. ಯಾರೋ ಒಬ್ಬ ಮುಷ್ಟಿ ಬಿಗಿದು ಅವನ ಬಾಯಿಗೆ ಗುದ್ದಿದ. ಸೆಲ್ವ ಮಗುವಿನಂತೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ.

ಆಗ ನನ್ನ ಗಂಟಲಿನಿಂದ ಸದ್ದು ಬಂತು.

"ನಾನು ಒರೆಸಿದ್ದು! ಗುರುತು ನಾನು ಒರೆಸ್ಬುಟ್ಟೆ!"

ಬಟ್ಟೆ ತೆಗೆದು ಎಲ್ಲರ ಮುಂದೆ ಬಿಚ್ಚಿದೆ. ಕಪ್ಪು ರಬ್ಬರಿನ ಎಳೆ, ಅದರ ಪಕ್ಕ ಹಸಿರು. ಮೋರಿಗೆ ಇಳಿದು ಬಟ್ಟೆಯನ್ನು ಸೈಕಲ್ಲಿನ ಪಕ್ಕ ಹಿಡಿದೆ. ಹಿಂದಿನ ಮಡ್‌ಗಾರ್ಡಿನಲ್ಲಿ ಬಣ್ಣ ಕಿತ್ತು ಹೋಗಿದ್ದ ಜಾಗ ಎಲ್ಲರಿಗೂ ಕಂಡಿತು. ಕಾರಿನ ಎಡಗಡೆ ಯಾವ ಜಾಗ, ಎಷ್ಟೆತ್ತರ ಎಂದು ಬೆರಳಿಟ್ಟು ತೋರಿಸಿದೆ. ಹನ್ನೆರಡು ವರ್ಷ ಬಣ್ಣದ ಕೆಲಸ ಮಾಡಿದವನು ಕಣ್ರೋ, ರಬ್ಬರು ಯಾವುದು ಟಾರು ಯಾವುದು ಅಂತ ನಂಗೆ ಗೊತ್ತಿಲ್ವಾ ಎಂದು ಏನೇನೋ ಒದರಿದೆ.

ಮೊದಲ ಏಟು ನನಗೇ ಬಿತ್ತು. ಕೆಂಪಣ್ಣನ ಅಂಗೈ ಎಡಗೆನ್ನೆಗೆ. "ಒರೆಸಿ ನಿಂತ್ಕೊಂಡು ನೋಡ್ತಿದ್ದೇನ್ಲಾ ಇಷ್ಟೊತ್ತು?" ಎಂದ. ಆ ಪ್ರಶ್ನೆಗೆ ಆ ಏಟು ಕಮ್ಮಿಯೇ.

ಆಮೇಲೆ ಅವನು ಮೇಷ್ಟ್ರ ಕಡೆ ತಿರುಗಿದ. ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಏಟಿಗೆ ತಯಾರಾಗಿಯೇ ತೆಗೆದದ್ದು, ನನಗೆ ಅನುಮಾನವಿಲ್ಲ. ಕೆಂಪಣ್ಣನ ಕೈ ಮೇಲೆದ್ದಿತು. ಎದ್ದದ್ದು ಅಲ್ಲೇ ನಿಂತಿತು. ಅವನು ಕಬ್ಬಿನ ಜಲ್ಲೆಯನ್ನು ಮೋರಿಗೆಸೆದು, ದೊಡ್ಡ ಗಂಡಸು, ಹೋ ಎಂದು ಅತ್ತುಬಿಟ್ಟ.

"ಯಾಕೆ ಹೇಳುದ್ರಿ ಮೇಷ್ಟ್ರೇ? ಅವನೇ ಅಂತ ಇದ್ಬುಡ್ತಿದ್ದೆ. ಈಗ ನಾನ್ಯಾರ ಮೇಲೆ ಕೋಪ ಮಾಡ್ಕೊಳ್ಳಿ?"

ಮೇಷ್ಟ್ರು, "ನನ್ ಮೇಲೇ ಮಾಡ್ಕೊ ಕೆಂಪಣ್ಣ" ಎಂದರು. "ಈಗ ಆಸ್ಪತ್ರೆಗೆ ಹೋಗಾನ ನಡಿ. ಕಾರು ಐತೆ."

ಅದೇ ಕಾರಿನಲ್ಲಿ ಮೂವರೂ ಹೋದೆವು. ಕೆಂಪಣ್ಣ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಬಿಕ್ಕುತ್ತಿದ್ದ. ಹೊರಡುವಾಗ ನಾನು ಲಾರಿಯ ಕಡೆ ನೋಡಿದೆ. ಹೊಗೆ ನಿಂತಿತ್ತು. ಡಾಂಬರು ಲಾರಿಯಲ್ಲೇ ಆರಿ ಗಟ್ಟಿಯಾಗುತ್ತಿತ್ತು. ಸೆಲ್ವನಿಗೆ ಯಾರೋ ಒಂದು ಚೊಂಬು ನೀರು ಕೊಟ್ಟಿದ್ದರು.

ಹೊಂಬಯ್ಯನಿಗೆ ಮಧ್ಯಾಹ್ನದ ಹೊತ್ತಿಗೆ ಪ್ರಜ್ಞೆ ಬಂತು. ತೊಡೆಯ ಮೂಳೆ ಮುರಿದಿತ್ತು. ಮೇಷ್ಟ್ರು ಅಲ್ಲಿಂದಲೇ ಠಾಣೆಗೆ ಹೋಗಿ ಬರೆದುಕೊಟ್ಟರು. ನಾನೂ ಸಾಕ್ಷಿಗೆ ಸಹಿ ಹಾಕಿದೆ. ಕೇಸು ನಡೆಯಿತು, ದಂಡವಾಯಿತು. ಹೊಂಬಯ್ಯ ಎದ್ದು ಓಡಾಡುವ ತನಕ ಮೇಷ್ಟ್ರು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಅವನ ಎಮ್ಮೆಗಳ ಹಾಲನ್ನು ಡೈರಿಗೆ ಹಾಕಿ ಬರುತ್ತಿದ್ದರು. ಹಾಲು ಕರೆಯಲು ಅವರಿಗೆ ಬಾರದು, ಅದನ್ನು ಹೊಂಬಯ್ಯನ ಹೆಂಡತಿ ಮಾಡುತ್ತಿದ್ದಳು. ಹೊತ್ತು ಹಾಕುವುದು ಇವರು. ಒಮ್ಮೆ ಎಮ್ಮೆ ಒದ್ದು ಮೇಷ್ಟ್ರ ಪಂಚೆಯೆಲ್ಲ ಸಗಣಿಯಾದಾಗ, ಮಲಗಿದ್ದಲ್ಲಿಂದಲೇ ಹೊಂಬಯ್ಯ ನಕ್ಕನಂತೆ. ಅವತ್ತು ಮನೆಗೆ ಬಂದು ಮೇಷ್ಟ್ರು ಹೊಟ್ಟೆ ತುಂಬ ಊಟ ಮಾಡಿದರು ಎಂದು ಮೇಷ್ಟ್ರಮ್ಮ ಹೇಳಿದರು. ಹೊಂಬಯ್ಯನ ಕಾಲು ಕೊನೆಗೂ ಒಸಿ ಎಳೆಯುತ್ತಲೇ ಉಳಿಯಿತು. ಕಾರನ್ನು ಮೇಷ್ಟ್ರು ಮಾರಿದರು. ಮತ್ತೆ ಯಾವತ್ತೂ ಸ್ಟೀರಿಂಗ್ ಮುಟ್ಟಲಿಲ್ಲ.

ನನ್ನ ಅಂಗಡಿಗೆ ಕೆಲವು ದಿನ ಯಾರೂ ಬರಲಿಲ್ಲ, ಆಮೇಲೆ ಎಲ್ಲರೂ ಬಂದರು. ಗುರುತು ಒರೆಸಿದ ನಂಜ ಎಂದು ಹೆಸರಾಗಿ, ಕಸುಬು ಗೊತ್ತಿರುವವನು ಎಂದೇ ಜನ ಅದನ್ನು ತಿಳಿದುಕೊಂಡರು. ಮೇಷ್ಟ್ರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕೊನೆಗೆ ನಾನು ಬಾಯಿಬಿಟ್ಟೆನಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳತೊಡಗಿದ್ದೆ. ಹೆಂಡತಿಗೆ ಆ ಕಥೆ ಹೇಳುವಾಗಲೆಲ್ಲ ನಾನು ಕೂಗಿದ ಮಾತು ಇನ್ನಷ್ಟು ಜೋರಾಗುತ್ತಿತ್ತು, ಅದಕ್ಕೆ ಮುಂಚಿನ ಹೊತ್ತು ಇನ್ನಷ್ಟು ಚಿಕ್ಕದಾಗುತ್ತಿತ್ತು.

ಹೊಂಬಯ್ಯ ಬಿದ್ದು ಸುಮಾರು ಇಪ್ಪತ್ತು ದಿನವಾಗಿರಬೇಕು. ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಡಾಂಬರಿನ ಲಾರಿಯೊಂದು ನಿಂತಿತು. ಇಳಿದವನು ಸೆಲ್ವ. ಅವನು ನೇರ ನನ್ನ ಹತ್ತಿರವೇ ಬಂದ.

"ಅಣ್ಣಾ, ರೇಡಿಯೇಟರ್‌ಗೆ ಒಸಿ ತಣ್ಣಿ ಬೇಕಾಗಿತ್ತು."

ನಾನು ಕೊಡದಲ್ಲಿ ನೀರು ತಂದುಕೊಟ್ಟೆ. ಅವನು ಸುರಿದುಕೊಂಡ, ಮುಚ್ಚಳ ಹಾಕಿದ, ಉಳಿದ ನೀರಿನಲ್ಲಿ ಮುಖ ತೊಳೆದುಕೊಂಡ. ಖಾಲಿ ಕೊಡ ವಾಪಸು ಕೊಡುವಾಗ ನನ್ನ ಗುರುತು ಹಿಡಿದನೋ, ಹಿಡಿದೇ ಬಂದಿದ್ದನೋ, ಮುಖ ನೋಡಿ ನಕ್ಕ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇರಲಿಲ್ಲ.

"ಅವತ್ತು ನೀವು ಹೇಳಿದ್ದು ರೊಂಬ ಉಪಕಾರ ಆಯ್ತಣ್ಣಾ" ಎಂದ. ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ. ಬೆರಳಿನಿಂದ ಬಾಯಿ ತೋರಿಸಿಕೊಂಡು, ಬಸ್ಸು ತಪ್ಪಿದ್ದನ್ನು ಹೇಳುವವನ ಹಾಗೆ ಹೇಳಿದ: "ಒಂದು ನಿಮಿಷ ಮುಂಚೆ ಹೇಳಿದ್ದಿದ್ರೆ ಇದೂ ಇರ್ತಿತ್ತು."

ಲಾರಿ ಹತ್ತಿ ಹೋದ. ನಾನು ಕೊಡ ಹಿಡಿದುಕೊಂಡು ನಿಂತೇ ಇದ್ದೆ.